ಹೈಸ್ಕೂಲಿಗೆ ಹಕ್ಕು–ಅಸ್ಮಿತೆಯ ಒಂದು ದಿನದ ಕಾರ್ಯಾಗಾರ: ಕರೆಸುವ ಮುಂಚೆ ಓದಿ

ನವೆಂಬರ್ 26ರ ಸಂವಿಧಾನ ದಿನ ಹತ್ತಿರವಾಗುತ್ತಿದ್ದಂತೆ ಹೈಸ್ಕೂಲುಗಳಿಗೆ ಫೋನ್ ಬರಲು ಶುರುವಾಗುತ್ತದೆ. ‘ಸರ್, ನಿಮ್ಮ ಮಕ್ಕಳಿಗೆ ಹಕ್ಕುಗಳ ಬಗ್ಗೆ, ಅಸ್ಮಿತೆ ಬಗ್ಗೆ ಒಂದು ದಿನದ ಕಾರ್ಯಾಗಾರ ಮಾಡಿಕೊಡ್ತೀವಿ, ಒಂದು ದಿನಾಂಕ ಕೊಡಿ.’ ಫೋನ್ ಮಾಡಿದವರು ಸ್ವಯಂಸೇವಾ ಸಂಸ್ಥೆಯವರಾಗಿರಬಹುದು, ತಾಲೂಕು ಕಾನೂನು ಸೇವಾ ಸಮಿತಿಯವರಾಗಿರಬಹುದು, ಹತ್ತಿರದ ಕಾಲೇಜಿನ ಎನ್ನೆಸ್ಸೆಸ್ ತಂಡವಾಗಿರಬಹುದು. ಯಾರೇ ಬಂದರೂ ದಿನದ ಚೌಕಟ್ಟು ಹೆಚ್ಚುಕಡಿಮೆ ಒಂದೇ: ಬೆಳಿಗ್ಗೆ ಸಂವಿಧಾನದ ಪೀಠಿಕೆ, ಆಮೇಲೆ ಒಂದೆರಡು ಆಟ, ಮಧ್ಯಾಹ್ನಕ್ಕೆ ಮುಂಚೆ ಕಾನೂನು, ಊಟದ ನಂತರ ಚಾರ್ಟ್, ಕೊನೆಗೆ ಗುಂಪು ಫೋಟೊ. ಇಲ್ಲಿರುವುದು ಈ ಸೇವೆಯ ವಿಮರ್ಶೆ, ಯಾವುದೋ ಒಂದು ಸಂಸ್ಥೆಯದ್ದಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ದಿನಕ್ಕೆ ಒಂದು ಶಾಲಾ ದಿನವನ್ನು ಬಿಟ್ಟುಕೊಡುವುದು ಖಂಡಿತ ಸಾರ್ಥಕ, ಆದರೆ ಒಂದು ಷರತ್ತಿನ ಮೇಲೆ. ಅವತ್ತು ಎಲ್ಲರ ಎದುರು ಪರೀಕ್ಷೆಗೆ ನಿಲ್ಲಬೇಕಾದದ್ದು ಶಾಲೆಯ ನಡವಳಿಕೆ, ಮಗುವಿನ ಜಾತಿ–ಧರ್ಮ ಅಲ್ಲ. ಇದು ತಲೆಕೆಳಗಾದರೆ ಕಾರ್ಯಾಗಾರ ಮಾಡದಿರುವುದೇ ಮೇಲು. ಹೊರಗಿನವರು ಸಂಜೆ 4ಕ್ಕೆ ಹೊರಟುಹೋಗುತ್ತಾರೆ, ಗುರುತು ಬಯಲಾದ ಮಗು ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅದೇ ಬೆಂಚಿನಲ್ಲಿ ಕೂರಬೇಕು.

ಪೀಠಿಕೆಯಿಂದ ಶುರು ಮಾಡುವುದು ಸರಿ. ಪೀಠಿಕೆ ಓದಿಸಬೇಕೆಂದು 2023ರಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿದ ಮೇಲೆ ನಮ್ಮ ಶಾಲೆಗಳಲ್ಲಿ ‘ಭಾರತದ ಜನತೆಯಾದ ನಾವು’ ಎಂಬ ಸಾಲು ಮಕ್ಕಳಿಗೆ ಬಾಯಿಪಾಠವಾಗಿದೆ. ಬಾಯಿಪಾಠ ಆಗಿರುವುದನ್ನೇ ಮತ್ತೆ ಸಾಮೂಹಿಕವಾಗಿ ಓದಿಸಿ, ಅದರ ಮೇಲೆ ಅರ್ಧ ಗಂಟೆ ಭಾಷಣ ಮಾಡುವ ತಂಡಗಳು ಬೆಳಗಿನ ಹುರುಪನ್ನು ಅಲ್ಲೇ ಮುಗಿಸಿಬಿಡುತ್ತವೆ. ಒಳ್ಳೆಯ ತಂಡ 40 ಮಕ್ಕಳನ್ನು 6 ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಪದ ಕೊಡುತ್ತದೆ: ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ, ವ್ಯಕ್ತಿಗೌರವ, ಜಾತ್ಯತೀತ. ಆ ಪದ ನಮ್ಮ ಶಾಲೆಯ ಕಾಂಪೌಂಡಿನ ಒಳಗೆ ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಅಂತ ಮಕ್ಕಳು ಎರಡು ಪಟ್ಟಿ ಬರೆಯುತ್ತಾರೆ. 40 ನಿಮಿಷ ಸಾಕು. ಈ ಎರಡನೇ ಪಟ್ಟಿಯನ್ನು ಜೋಪಾನವಾಗಿ ತೆಗೆದಿಡಬೇಕು, ಮಧ್ಯಾಹ್ನದ ಕೆಲಸವೆಲ್ಲ ಅದರ ಮೇಲೇ ನಿಂತಿದೆ.

ಇನ್ನು ‘ಹೆಜ್ಜೆ ಆಟ’. ಇಡೀ ದಿನದಲ್ಲಿ ಮಕ್ಕಳ ಮನಸ್ಸಿಗೆ ನೇರವಾಗಿ ತಟ್ಟುವುದು ಇದೇ, ಅತಿ ಹೆಚ್ಚು ಕೆಡುವುದೂ ಇದೇ. ಮಕ್ಕಳು ಒಂದು ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ನಡೆಸುವವರು ಒಂದೊಂದೇ ವಾಕ್ಯ ಓದುತ್ತಾರೆ. ವಾಕ್ಯ ತನಗೆ ಅನ್ವಯಿಸಿದರೆ ಒಂದು ಹೆಜ್ಜೆ ಮುಂದೆ, ಇಲ್ಲದಿದ್ದರೆ ನಿಂತಲ್ಲೇ. ಕೊನೆಗೆ ಯಾರು ಎಲ್ಲಿದ್ದಾರೆ ಅಂತ ತಿರುಗಿ ನೋಡಬೇಕು. ಅಮೆರಿಕದ ಹೈಸ್ಕೂಲು, ಕಾಲೇಜುಗಳಲ್ಲಿ ಇದನ್ನು ಮಕ್ಕಳ ಸ್ವಂತ ಬದುಕಿನ ಮೇಲೆಯೇ ಆಡಿಸುವ ರೂಢಿಯಿದೆ. ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳಿಗೆ ಬರುವ ತಂಡಗಳು ಅಲ್ಲಿಯ ಪ್ರಶ್ನಾವಳಿಯನ್ನೇ ಇಳಿಸಿಕೊಂಡು ತರುತ್ತವೆ. ನಮ್ಮಲ್ಲಿ ಅದು ನಡೆಯುವುದಿಲ್ಲ, ನಡೆಸಲೂ ಬಾರದು. 40 ಮಕ್ಕಳ ಎದುರು ಒಂದು ಮಗು ಗೆರೆಯ ಮೇಲೇ ನಿಂತುಬಿಟ್ಟರೆ ಅದರ ಜಾತಿಯನ್ನೋ ಮನೆಯ ಬಡತನವನ್ನೋ ನಾವೇ ಡಂಗುರ ಹೊಡೆದಂತಾಯಿತು.

ಇದಕ್ಕಿರುವ ದಾರಿ ಪಾತ್ರದ ಚೀಟಿ. 40 ಮಕ್ಕಳ ತರಗತಿಗೆ 20 ಚೀಟಿ. ಉಳಿದ 20 ಮಕ್ಕಳು ಪಕ್ಕದಲ್ಲಿ ನಿಂತು ಗಮನಿಸಿ ಬರೆದುಕೊಳ್ಳುತ್ತಾರೆ. ಚೀಟಿಯಲ್ಲಿ ಇರಬೇಕಾದದ್ದು ಇಂಥವು: ‘ಕಾಫಿ ತೋಟದ ಲೈನ್ ಮನೆಯಲ್ಲಿರುವ 14 ವರ್ಷದ ಹುಡುಗಿ.’ ‘ಪಂಚಾಯಿತಿ ಅಧ್ಯಕ್ಷರ ಮಗ, 10ನೇ ತರಗತಿ.’ ‘ಕಬ್ಬು ಕಡಿಯಲು ಗುಳೆ ಹೋಗುವ ಮನೆಯ ಹುಡುಗ, ವರ್ಷಕ್ಕೆ ನಾಲ್ಕು ತಿಂಗಳು ಊರಲ್ಲಿರುವುದಿಲ್ಲ.’ ‘ಕಣ್ಣು ಕಾಣದ, ಹಾಸ್ಟೆಲಿನಲ್ಲಿ ಓದುವ ಹುಡುಗ.’ ‘ಪೌರಕಾರ್ಮಿಕರ ಮಗಳು, ಪಟ್ಟಣದ ಶಾಲೆ.’ ಓದುವ ವಾಕ್ಯಗಳು 12ರಿಂದ 15, ಅದಕ್ಕಿಂತ ಹೆಚ್ಚಾದರೆ ಗಮನ ಚದುರುತ್ತದೆ. ವಾಕ್ಯಗಳು ನಮ್ಮ ಊರಿನವೇ ಆಗಿರಬೇಕು. ‘ಊರ ದೇವಸ್ಥಾನದ ಒಳಗೆ ಹೋಗಿ ಬರಬಲ್ಲೆ.’ ‘ಗೆಳೆಯರು ನಮ್ಮ ಮನೆಯಲ್ಲಿ ಊಟ ಮಾಡುತ್ತಾರೆ.’ ‘ಸಂಜೆ 7ಕ್ಕೆ ಟ್ಯೂಷನ್ ಮುಗಿಸಿ ಒಬ್ಬಳೇ ಮನೆಗೆ ಬರಬಲ್ಲೆ.’ ‘ಎಸ್ಸೆಸ್ಸೆಲ್ಸಿ ಆದಮೇಲೆ ಏನು ಓದಬೇಕೆಂದು ಮನೆಯಲ್ಲಿ ನನ್ನನ್ನು ಕೇಳುತ್ತಾರೆ.’ ಈ ‘ಊಟ ಮಾಡುತ್ತಾರೆ’ ಎಂಬ ವಾಕ್ಯ ಬಂದಾಗ ಎತ್ತಿದ ಕಾಲನ್ನು ಹಿಂದಿಡುವ ಮಕ್ಕಳಿರುತ್ತಾರೆ. ಮುಂದೆ ಹೋಗಬಹುದಾ ಬೇಡವಾ ಅಂತ ಪಕ್ಕದವರ ಮುಖ ನೋಡುತ್ತಾರೆ. ನಡೆಸುವವರು ಆಗ ಅವಸರ ಮಾಡಬಾರದು, ಮುಂದಿನ ವಾಕ್ಯಕ್ಕೆ ಹಾರಬಾರದು.

ಚೀಟಿ ಇದ್ದರೂ ಎಡವಟ್ಟಾಗುವುದುಂಟು. ತರಗತಿಯಲ್ಲಿ ಪೌರಕಾರ್ಮಿಕರ ಮಗಳು ಒಬ್ಬಳೇ ಇದ್ದರೆ ಆ ಚೀಟಿ ಯಾರ ಕೈಗೆ ಹೋದರೂ ಎಲ್ಲರ ಕಣ್ಣು ಅವಳ ಮೇಲೇ ಬೀಳುತ್ತದೆ. ಅದಕ್ಕೇ ಹಿಂದಿನ ದಿನ ತರಗತಿ ಶಿಕ್ಷಕರು ಎಲ್ಲ ಚೀಟಿಗಳನ್ನೂ ನೋಡಿ, ಒಂದೇ ಮಗುವಿನತ್ತ ಬೆರಳು ತೋರಿಸುವಂಥವನ್ನು ತೆಗೆಯಬೇಕು. ಆಟ 20 ನಿಮಿಷ, ಮಾತುಕತೆ ಕನಿಷ್ಠ 40 ನಿಮಿಷ. ಇದನ್ನು ಅದಲುಬದಲು ಮಾಡುವ ತಂಡಗಳೇ ಹೆಚ್ಚು. ಹಿಂದೆ ಉಳಿದವರಿಗೆ ಅಯ್ಯೋ ಅನಿಸಿ, ಮುಂದೆ ಹೋದವರಿಗೆ ಖುಷಿಯಾಗಿ ಆಟ ಅಲ್ಲಿಗೇ ನಿಂತುಬಿಡುತ್ತದೆ. ಕೇಳಬೇಕಾದ ಪ್ರಶ್ನೆ ‘ನಿನಗೆ ಹೇಗನ್ನಿಸಿತು’ ಎಂಬಲ್ಲಿಗೆ ಮುಗಿಯಬಾರದು. ‘ಈ ಚೀಟಿಯ ಹುಡುಗಿ ಎರಡು ಹೆಜ್ಜೆ ಮುಂದೆ ಬರಬೇಕಾದರೆ ಯಾರು ಏನು ಬದಲಾಯಿಸಬೇಕು’ ಎಂಬಲ್ಲಿಗೆ ಹೋಗಬೇಕು. ಮುಗಿದ ಮೇಲೆ ಪ್ರತಿ ಮಗುವೂ ಚೀಟಿ ಹರಿದು ಬುಟ್ಟಿಗೆ ಹಾಕಿ ತನ್ನ ಸ್ವಂತ ಹೆಸರನ್ನು ಜೋರಾಗಿ ಹೇಳಬೇಕು. ಸಣ್ಣ ಕೆಲಸ, ಬಿಡಲೇಬಾರದು. ಬಿಟ್ಟರೆ ಚೀಟಿಯ ಪಾತ್ರವೇ ಆ ಮಗುವಿಗೆ ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ.

ಅಸ್ಮಿತೆಯ ಗೋಷ್ಠಿಗೆ ಸಾಮಾನ್ಯವಾಗಿ ‘ಗುರುತಿನ ಹೂವು’ ಬರೆಸುತ್ತಾರೆ: ನಡುವೆ ಹೆಸರು, ಸುತ್ತ ಏಳು ದಳ, ಒಂದೊಂದು ದಳದಲ್ಲಿ ತನ್ನ ಒಂದೊಂದು ಗುರುತು. ದಳಗಳಿಗೆ ‘ಜಾತಿ’, ‘ಧರ್ಮ’ ಅಂತ ಮೊದಲೇ ಅಚ್ಚು ಹಾಕಿಸಿ ತಂದಿದ್ದರೆ ಆ ಹಾಳೆಯನ್ನು ವಾಪಸ್ ಕೊಡಿ. ದಳಗಳು ಖಾಲಿ ಇರಲಿ. ಹುಡುಗ ‘ವಾಲಿಬಾಲ್’ ಅಂತ ಬರೆಯಬಹುದು, ‘ಅಜ್ಜಿ ಸಾಕಿದವನು’ ಅಂತ ಬರೆಯಬಹುದು. ಹಾಳೆ ಮಗುವಿನ ಬಳಿಯೇ ಇರಬೇಕು, ಗೋಡೆಗೆ ಅಂಟಿಸುವುದು ತಪ್ಪು. ಎಲ್ಲರೂ ಹಂಚಿಕೊಳ್ಳಲೆಂದು ಒಂದೇ ಒಂದು ದಳ ಬೇಕಿದ್ದರೆ ಮನೆಮಾತನ್ನು ಆರಿಸಿಕೊಳ್ಳಿ. ನಮ್ಮ ಯಾವುದೇ ತರಗತಿಯಲ್ಲಿ ಮನೆಯಲ್ಲಿ ತುಳು, ಲಂಬಾಣಿ, ಉರ್ದು, ತೆಲುಗು, ಕೊಂಕಣಿ, ಬ್ಯಾರಿ, ಕೊಡವ ಆಡುವ ಮಕ್ಕಳಿರುತ್ತಾರೆ. ಒಂದೇ ವಾಕ್ಯವನ್ನು, ‘ನೀರು ಕುಡಿಯೋಣ ಬಾ’ ಎಂಬುದನ್ನೇ ತಗೊಳ್ಳಿ, ಎಲ್ಲ ಮನೆಮಾತುಗಳಲ್ಲೂ ಹೇಳಿಸಿದರೆ ಇಡೀ ಕೋಣೆ ನಗುತ್ತದೆ, ಕಲಿಯುತ್ತದೆ. ಅಲ್ಲಿಂದ ಕಾನೂನಿಗೆ ದಾಟುವುದು ಸುಲಭ: 8ನೇ ಅನುಸೂಚಿಯ 22 ಭಾಷೆಗಳಲ್ಲಿ ಕೊಂಕಣಿ, ಉರ್ದು, ತೆಲುಗು ಇವೆ, ತುಳು ಮತ್ತು ಕೊಡವ ಇಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯದ ಮಾತು 350ಎ ವಿಧಿಯಲ್ಲಿದೆ. ತಮ್ಮ ಮನೆಮಾತು ಸಂವಿಧಾನದ ಪುಟದಲ್ಲಿ ಇದೆಯೋ ಇಲ್ಲವೋ ಎಂದು ಹುಡುಕುವ ಮಕ್ಕಳಿಗೆ ಆ ಪುಸ್ತಕ ಪರಕೀಯವಾಗಿ ಉಳಿಯುವುದಿಲ್ಲ.

ಸಮವಸ್ತ್ರ ಮತ್ತು ಹಿಜಾಬಿನ ಪ್ರಶ್ನೆಯನ್ನು ಮಕ್ಕಳು ಎತ್ತಿಯೇ ಎತ್ತುತ್ತಾರೆ, ಮುಖ್ಯವಾಗಿ ಕರಾವಳಿಯಲ್ಲಿ. ಆಗ ತಡವರಿಸುವುದು ಅಥವಾ ‘ಆ ವಿಷಯ ಬೇಡ’ ಅನ್ನುವುದು ಎರಡೂ ಕೆಡುಕು. ನಡೆದದ್ದನ್ನು ನಡೆದ ಹಾಗೆ ಹೇಳಬೇಕು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಸರ್ಕಾರದ ಸಮವಸ್ತ್ರ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು, ಪ್ರಶ್ನೆ ದೊಡ್ಡ ಪೀಠಕ್ಕೆ ಹೋಗಬೇಕಾಯಿತು. ಇಷ್ಟು ಹೇಳಿ, ಎರಡೂ ಕಡೆಯ ವಾದವನ್ನು ಮಕ್ಕಳಿಂದಲೇ ಕಟ್ಟಿಸಬಹುದು. ಆದರೆ ಆ ಕೋಣೆಯಲ್ಲಿರುವ ಮುಸ್ಲಿಂ ಹುಡುಗಿಯರನ್ನು ‘ನೀವೇನಂತೀರಿ’ ಎಂದು ಕೇಳಬಾರದು. ಇಡೀ ಸಮುದಾಯದ ಪರವಾಗಿ ಉತ್ತರ ಕೊಡುವ ಹೊರೆ 14 ವರ್ಷದ ಹುಡುಗಿಯದಲ್ಲ.

ಕಾನೂನಿನ ಗೋಷ್ಠಿಯಲ್ಲಿ ನಮಗೆ ಅತಿ ಹೆಚ್ಚು ಕೊರತೆ ಕಾಣುವುದು ವಿವರಗಳ ನಿಖರತೆಯಲ್ಲಿ. ವಕೀಲರು ಬಂದು ಸೆಕ್ಷನ್ ಸಂಖ್ಯೆಗಳ ಸರಮಾಲೆ ಓದುತ್ತಾರೆ, ಹಿಂದಿನ ಬೆಂಚು ನಿದ್ದೆ ಹೋಗುತ್ತದೆ. ಅದಕ್ಕಿಂತ ಪ್ರಕರಣದ ಕಾರ್ಡು ಮೇಲು. ಒಂದು ಕಾರ್ಡು ಹೀಗಿರಲಿ: ‘ಊರಿನ ಕಟಿಂಗ್ ಶಾಪಿನಲ್ಲಿ ನಮ್ಮ ಕೇರಿಯವರಿಗೆ ಕಟಿಂಗ್ ಮಾಡುವುದಿಲ್ಲ. ಅಂಗಡಿ ಅವರ ಸ್ವಂತದ್ದು. ಇದು ತಪ್ಪಾ?’ ಮಕ್ಕಳಲ್ಲಿ ಅರ್ಧ ಜನ ‘ಅವರ ಅಂಗಡಿ, ಅವರಿಷ್ಟ’ ಅನ್ನುತ್ತಾರೆ. ಆಗ 15ನೇ ವಿಧಿ ತೆರೆಯಬೇಕು. 15(1) ಹೇಳುವುದು ಸರ್ಕಾರ ತಾರತಮ್ಯ ಮಾಡಬಾರದು ಅಂತ. 15(2) ಇನ್ನೂ ಮುಂದೆ ಹೋಗಿ ಅಂಗಡಿ, ಹೋಟೆಲ್, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಲ್ಲಿ ಯಾವ ನಾಗರಿಕನನ್ನೂ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ತಡೆಯಬಾರದು ಅನ್ನುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. ಅದನ್ನು ಜಾರಿಗೆ ತರಲು ಬಂದದ್ದು 1955ರ ಕಾಯ್ದೆ, 1976ರಿಂದ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಅಂಗಡಿ’ ಎಂದರೆ ಲಾಂಡ್ರಿ ಮತ್ತು ಕ್ಷೌರದ ಅಂಗಡಿಯೂ ಸೇರಿದೆ ಅಂತ ಬಿಡಿಸಿ ಬರೆದಿದೆ. ಹೋಟೆಲಿನಲ್ಲಿ ಎಲ್ಲರಿಗೂ ಇಟ್ಟ ಲೋಟವನ್ನು ಕೆಲವರಿಗೆ ಮಾತ್ರ ಕೊಡದಿರುವುದೂ ಅದರ 4ನೇ ಸೆಕ್ಷನ್ನಿನ ಅಪರಾಧ. ಆ ಸಾಲು ತೋರಿಸಿದಾಗ ತರಗತಿ ತಣ್ಣಗಾಗಿ ಕೇಳುತ್ತದೆ, ಕಾರಣ ಎರಡು ಲೋಟದ ಹೋಟೆಲ್ ಎಲ್ಲಿದೆ, ಎಲ್ಲಿತ್ತು ಎಂಬುದು ಅವರಲ್ಲಿ ಕೆಲವರಿಗೆ ಗೊತ್ತು.

ಇತಿಹಾಸಕ್ಕೆ 15 ನಿಮಿಷ ಸಾಕು. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡಿನಲ್ಲಿ ದಲಿತರಿಗೆ ಬಿಡದಿದ್ದ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಮತ್ತು ಸಾವಿರಾರು ಜನ ಮುಟ್ಟಿದ್ದನ್ನೂ, 1955ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾಂಟ್ಗೊಮರಿಯ ಬಸ್ಸಿನಲ್ಲಿ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯರಿಗೆ ಸೀಟು ಬಿಡದೆ ಕೂತದ್ದನ್ನೂ ಜೊತೆಗಿಟ್ಟು ಹೇಳಿದರೆ ಕೆರೆ, ಬಸ್ಸು ಎರಡೂ 15(2)ಕ್ಕೆ ತಾಳೆಯಾಗುತ್ತವೆ. ನಮ್ಮಲ್ಲಿಯ ಉದಾಹರಣೆಗಳನ್ನು ತಂಡಗಳು ಮರೆಯುತ್ತವೆ: 1892ರಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ದಲಿತ ಮಕ್ಕಳಿಗೆ ತೆರೆದ ಶಾಲೆ, ಸರ್ಕಾರಿ ಕೆಲಸದಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಲು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ನೇಮಿಸಿದ ಮಿಲ್ಲರ್ ಸಮಿತಿ.

ಹಳೆಯ ಸ್ಲೈಡುಗಳಲ್ಲಿ ಇರುವ ತಪ್ಪುಗಳನ್ನು ಶಾಲೆಯವರೇ ಪರೀಕ್ಷಿಸಬಹುದು. 10ನೇ ತರಗತಿಯ ಮಕ್ಕಳಿಗೆ ‘ಉಚಿತ ಕಡ್ಡಾಯ ಶಿಕ್ಷಣ ನಿಮ್ಮ ಮೂಲಭೂತ ಹಕ್ಕು’ ಅನ್ನುತ್ತಾರೆ, 21ಎ ವಿಧಿ ಇರುವುದು 6ರಿಂದ 14 ವರ್ಷದವರಿಗೆ. ‘18ರ ಒಳಗೆ ಯಾವ ಕೆಲಸವೂ ನಿಷಿದ್ಧ’ ಅನ್ನುತ್ತಾರೆ. 2016ರ ತಿದ್ದುಪಡಿಯ ಪ್ರಕಾರ 14ರ ಒಳಗಿನವರನ್ನು ದುಡಿಸುವಂತಿಲ್ಲ, ಮನೆಯ ಕಸುಬಿನಂಥ ಕೆಲವು ವಿನಾಯಿತಿ ಮಾತ್ರ ಇವೆ. 14ರಿಂದ 18ರವರಿಗೆ ಅಪಾಯಕಾರಿ ಕೆಲಸಗಳಷ್ಟೇ ನಿಷಿದ್ಧ. ಪೋಸ್ಟರಿನಲ್ಲಿ ಐಪಿಸಿ ಸೆಕ್ಷನ್‌ಗಳು ಇನ್ನೂ ಇದ್ದರೆ ಅದು 2024ರ ಜುಲೈ 1ಕ್ಕಿಂತ ಹಿಂದಿನದು, ಈಗ ಇರುವುದು ಭಾರತೀಯ ನ್ಯಾಯ ಸಂಹಿತೆ. ಬಾಲ್ಯವಿವಾಹವನ್ನು ‘ಮೇಲೆ ರದ್ದು ಮಾಡಿಸಿಕೊಳ್ಳಬಹುದು’ ಅಂತ ಕೇಂದ್ರದ 2006ರ ಕಾಯ್ದೆಯನ್ನಷ್ಟೇ ಓದಿ ಹೇಳುವವರಿದ್ದಾರೆ. ಕರ್ನಾಟಕದ ತಿದ್ದುಪಡಿಯಂತೆ ನಮ್ಮಲ್ಲಿ ಅದು ಆರಂಭದಿಂದಲೇ ಅಸಿಂಧು. ಮದುವೆ ಗೊತ್ತಾಗಿರುವ ಹುಡುಗಿಗೆ ಈ ವ್ಯತ್ಯಾಸ ದೊಡ್ಡದು.

ಪ್ರಶ್ನೆ ಪೆಟ್ಟಿಗೆ ಇಲ್ಲದ ಕಾರ್ಯಾಗಾರಕ್ಕೆ ಒಪ್ಪಬೇಡಿ. ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು. ಕೇಳಲು ಏನೂ ಇಲ್ಲದವರೂ ‘ಏನಿಲ್ಲ’ ಅಂತ ಬರೆದು ಹಾಕಲೇಬೇಕು, ಇಲ್ಲದಿದ್ದರೆ ಬರೆಯುತ್ತಿರುವವರು ಯಾರೆಂದು ಎದ್ದು ಕಾಣುತ್ತದೆ. ಪೆಟ್ಟಿಗೆಯನ್ನು ತೆರೆದು ಓದುವವರು ಹೊರಗಿನವರೇ ಆಗಬೇಕು, ಕನ್ನಡ ಮೇಷ್ಟ್ರಿಗೆ ಪ್ರತಿಯೊಬ್ಬರ ಅಕ್ಷರವೂ ಗೊತ್ತು.

ಆ ಪೆಟ್ಟಿಗೆಯಲ್ಲಿ ಅಥವಾ ಊಟದ ಹೊತ್ತಿನಲ್ಲಿ ಯಾವುದಾದರೂ ಮಗು ತನ್ನ ಮೇಲೆ ನಡೆದ ದೌರ್ಜನ್ಯವನ್ನು ಹೇಳಿಕೊಂಡರೆ? ಹಕ್ಕಿನ ಬಗ್ಗೆ ಒಂದು ದಿನ ಮಾತಾಡಿದ ಮೇಲೆ ಇದು ಆಗಬಹುದು, ಅದಕ್ಕೆ ತಯಾರಿ ಇರಬೇಕು. ‘ಯಾರಿಗೂ ಹೇಳಲ್ಲ ಕಣಮ್ಮ’ ಅಂತ ಮಾತು ಕೊಡಬಾರದು. ಅದು ಲೈಂಗಿಕ ದೌರ್ಜನ್ಯವಾಗಿದ್ದರೆ, ಅದರಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ 2012ರ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ವರದಿ ಮಾಡಲೇಬೇಕು, ಮಾಡದಿದ್ದರೆ ಅದೇ ಅಪರಾಧ. ‘ನಿನ್ನ ರಕ್ಷಣೆಗೆ ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳ್ತೀವಿ’ ಎನ್ನುವುದು ಸರಿಯಾದ ಮಾತು. ಮತ್ತೆ ಮತ್ತೆ ಕೇಳಿ ವಿವರ ಕೆದಕಬಾರದು, ಮಗುವಿನ ಗುರುತು ಸ್ಟಾಫ್ ರೂಮಿನಲ್ಲಿ ಹರಡಬಾರದು. ಮಕ್ಕಳ ಸಹಾಯವಾಣಿ 1098, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ, ಹತ್ತಿರದ ಠಾಣೆ, ಈ ನಾಲ್ಕು ಕಡೆಯ ಸಂಪರ್ಕ ಮುಖ್ಯ ಶಿಕ್ಷಕರ ಮೇಜಿನ ಮೇಲೆ ಬೆಳಿಗ್ಗೆಯೇ ಇರಬೇಕು. ಉಚಿತ ಕಾನೂನು ನೆರವಿಗೆ 15100. ಮಕ್ಕಳಿಗೂ ಮಹಿಳೆಯರಿಗೂ ಪರಿಶಿಷ್ಟರಿಗೂ ಅದು ಆದಾಯದ ಮಿತಿಯಿಲ್ಲದೆ ಸಿಗುತ್ತದೆ.

ಮಧ್ಯಾಹ್ನದ ಗೋಷ್ಠಿಯನ್ನು ಬಹುತೇಕ ತಂಡಗಳು ಪೋಸ್ಟರ್ ಸ್ಪರ್ಧೆಗೆ ಬಿಟ್ಟುಕೊಡುತ್ತವೆ. ನಮ್ಮ ಪ್ರಕಾರ ದಿನದ ಬೆಲೆ ಇರುವುದೇ ಇಲ್ಲಿ. ಬೆಳಿಗ್ಗೆ ತೆಗೆದಿಟ್ಟ ‘ಎಲ್ಲಿ ಕಾಣುವುದಿಲ್ಲ’ ಪಟ್ಟಿ ಹಿಡಿದು ಮಕ್ಕಳು ಗುಂಪಾಗಿ ಶಾಲೆಯನ್ನು ಸುತ್ತಬೇಕು. ಬಿಸಿಯೂಟದ ಸಾಲು ನೋಡಬೇಕು: ಮೊಟ್ಟೆ ತಿನ್ನುವವರದು ಒಂದು ಸಾಲು, ಬಾಳೆಹಣ್ಣು ತಗೊಳ್ಳುವವರದು ಇನ್ನೊಂದು ಸಾಲು ಮಾಡಿದ್ದರೆ ಅಲ್ಲೇ ಜಾತಿ ಗುರುತು ಬೀಳುತ್ತದೆ. ಒಂದೇ ಸಾಲಿನಲ್ಲಿ ಎರಡು ಬುಟ್ಟಿ ಇಟ್ಟರೆ ಮುಗಿಯಿತು. ಸ್ಕಾಲರ್‌ಶಿಪ್ ಅರ್ಜಿ ಬಂದಾಗ ‘ಎಸ್ಸಿ, ಎಸ್ಟಿ ಮಕ್ಕಳು ಎದ್ದು ನಿಲ್ಲಿ’ ಅನ್ನುವ ಪದ್ಧತಿ ಇದೆಯೇ? ಇದ್ದರೆ ಎಲ್ಲ ಯೋಜನೆಗಳ ಪಟ್ಟಿಯನ್ನು ಎಲ್ಲ ಮಕ್ಕಳಿಗೂ ಕೊಟ್ಟು, ಅರ್ಜಿಯನ್ನು ಆಫೀಸಿನಲ್ಲಿ ಒಬ್ಬೊಬ್ಬರಾಗಿ ತಗೊಳ್ಳುವಂತೆ ಮಾಡಬಹುದು. ಕಸ ಗುಡಿಸುವ ಸರದಿ ಪಟ್ಟಿಯಲ್ಲಿ ಯಾರ ಹೆಸರು ಎಷ್ಟು ಸಲ ಬಂದಿದೆ ಅಂತ ಎಣಿಸಬೇಕು, ಹುಡುಗಿಯರೇ ಎಷ್ಟು ಸಲ ಅಂತಲೂ. ಶೌಚಾಲಯ ಯಾರು ತೊಳೆಯುತ್ತಾರೆ ಎಂಬ ಪ್ರಶ್ನೆ ಪಟ್ಟಿಯಲ್ಲಿ ಇರಲೇಬೇಕು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲಗುಂಡಿಗೆ ಇಳಿಸಿದ ಪ್ರಕರಣ ಹೊರಬಿದ್ದು ನಾಡೇ ತಲೆ ತಗ್ಗಿಸಿತು. ಇಳಿಜಾರಿನ ದಾರಿ ಇದೆಯೇ, ಗಾಲಿಕುರ್ಚಿ ಶೌಚಾಲಯದ ಬಾಗಿಲು ದಾಟುತ್ತದೆಯೇ ಎಂಬುದನ್ನು ಮಕ್ಕಳೇ ಅಳತೆ ಟೇಪು ಹಿಡಿದು ನೋಡಲಿ.

ಸುತ್ತಿ ಬಂದ ಮೇಲೆ ಮೂರೇ ಮೂರು ಬೇಡಿಕೆ ಆರಿಸಿಕೊಳ್ಳಬೇಕು. ಒಂದು, ಮುಖ್ಯ ಶಿಕ್ಷಕರು ಒಂದು ವಾರದಲ್ಲಿ ಮಾಡಬಹುದಾದದ್ದು. ಇನ್ನೊಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗಬೇಕಾದದ್ದು. ಮೂರನೆಯದು ಗ್ರಾಮ ಪಂಚಾಯಿತಿಗೆ ಸೇರಿದ್ದು, ಅದನ್ನು ಮಕ್ಕಳ ಗ್ರಾಮ ಸಭೆಗೆ ಬರೆದಿಡಬಹುದು. ಇಪ್ಪತ್ತು ಬೇಡಿಕೆಯ ಚಾರ್ಟು ಗೋಡೆಗೆ ಚಂದ, ಈಡೇರುವುದು ಮಾತ್ರ ಒಂದೂ ಇಲ್ಲ. ಪ್ರತಿ ಬೇಡಿಕೆಯ ಪಕ್ಕ ಒಬ್ಬ ಶಿಕ್ಷಕರ ಹೆಸರು, ಒಂದು ದಿನಾಂಕ ಇರಬೇಕು.

ಲೆಕ್ಕಾಚಾರಕ್ಕೆ ಬಂದರೆ, 8, 9, 10ನೇ ತರಗತಿ ಸೇರಿ 120 ಮಕ್ಕಳಿದ್ದರೆ ಮೂರು ಕೋಣೆ, ಕೋಣೆಗೆ ಇಬ್ಬರಂತೆ ಆರು ಜನ ನಡೆಸುವವರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು. 120 ಮಕ್ಕಳನ್ನು ಒಂದೇ ಸಭಾಂಗಣದಲ್ಲಿ ಕೂರಿಸುತ್ತೇವೆ ಅನ್ನುವ ತಂಡ ಭಾಷಣ ಮಾಡಲು ಬರುತ್ತಿದೆ ಎಂದೇ ತಿಳಿಯಿರಿ. ಚಾರ್ಟು, ಸ್ಕೆಚ್ ಪೆನ್ನು, ಜೆರಾಕ್ಸು ಸೇರಿ ಖರ್ಚು ಸಾವಿರ ರೂಪಾಯಿಯ ಆಸುಪಾಸು. ಕಾನೂನು ಸೇವಾ ಸಮಿತಿಯ ವಕೀಲರಿಗೆ ಶಾಲೆ ಏನೂ ಕೊಡಬೇಕಾಗಿಲ್ಲ. 10ನೇ ತರಗತಿಯವರಿಗೆ ಜುಲೈ–ಆಗಸ್ಟ್ ಒಳ್ಳೆಯ ಕಾಲ, ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದ ಮೇಲೆ ಶಿಕ್ಷಕರ ಕಣ್ಣು ಗಡಿಯಾರದ ಮೇಲೇ ಇರುತ್ತದೆ. ಶಿಕ್ಷಕರು ಕೋಣೆಯಲ್ಲಿ ಇರಬೇಕೇ ಎಂಬ ಚರ್ಚೆ ಪ್ರತಿ ಸಲವೂ ಬರುತ್ತದೆ. ಹೆಜ್ಜೆ ಆಟಕ್ಕೂ ಪ್ರಶ್ನೆ ಪೆಟ್ಟಿಗೆಗೂ ಬೇಡ, ಕಾನೂನಿಗೂ ಶಾಲೆ ಸುತ್ತುವುದಕ್ಕೂ ಬೇಕೇ ಬೇಕು.

ಫೋನ್ ಬಂದಾಗ ತಂಡದವರನ್ನು ನೇರವಾಗಿ ಕೇಳಿ: ಆಟಕ್ಕೆ ಪಾತ್ರದ ಚೀಟಿ ಬಳಸುತ್ತೀರಾ, ಮಗು ಏನಾದರೂ ಹೇಳಿಕೊಂಡರೆ ಯಾರು ನೋಡಿಕೊಳ್ಳುತ್ತೀರಿ, ಒಂದು ತಿಂಗಳ ನಂತರ ಮೂರು ಬೇಡಿಕೆಗಳ ಗತಿ ಏನಾಯಿತೆಂದು ನೋಡಲು ಅರ್ಧ ದಿನ ಬರುತ್ತೀರಾ. ಮಕ್ಕಳ ಫೋಟೊ, ವಿಡಿಯೊವನ್ನು ವಾಟ್ಸಾಪ್ ಗುಂಪುಗಳಿಗೆ ಹಾಕುವುದಿಲ್ಲ ಅಂತ ಬರೆಸಿಕೊಳ್ಳಿ. ಚೀಟಿ ಮತ್ತು ಓದುವ ವಾಕ್ಯಗಳ ಪಟ್ಟಿಯನ್ನು ಮೂರು ದಿನ ಮುಂಚೆ ಕಳಿಸಲು ಒಪ್ಪದ ತಂಡಕ್ಕೆ ದಿನಾಂಕ ಕೊಡಬೇಡಿ.